ಮೂರು ಕಲ್ಲು, ನಾಲ್ಕು ಮಕ್ಕಳು

ಏಳು ಸಮುದ್ರದಾಚೆ ಒಂದೂರು ಅಂತ ಕಥೆ ಶುರು ಮಾಡುವವರು ಯಾರೂ ಹೊಸಿಲು ದಾಟಿದವರಲ್ಲ. ಈ ಊರು ಅಷ್ಟು ದೂರವಿಲ್ಲ. ಒಂದಲ್ಲ ಒಂದು ಸಲ ಎಲ್ಲರೂ ಅಲ್ಲಿಯ ನೀರು ಕುಡಿದವರೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಆ ಊರಿನ ಹೊಗೆ ಎಂಥದ್ದು ಅಂದರೆ, ಸಂಜೆ ಒಲೆಗಳೆಲ್ಲ ಹತ್ತಿಕೊಂಡಾಗ ಮುಗಿಲಿಗೂ ಮಾಡಿಗೂ ನಡುವೆ ಕಂಬಳಿ ಹಾಸಿದಂತಾಗಿ, ಕಾಗೆಗಳು ರೆಕ್ಕೆ ಬಡಿಯುವ ಗೋಜಿಗೇ ಹೋಗದೆ ಹೊಗೆಯ ಮೇಲೆ ನಡೆದುಕೊಂಡೇ ಗೂಡು ಸೇರುತ್ತಿದ್ದವು. ನಂಬದವರು ಕಾಗೆಯ ಕಾಲು ನೋಡಿಕೊಳ್ಳಿ. ಇವತ್ತಿಗೂ ಮಸಿ ಹೋಗಿಲ್ಲ.

ಆ ಊರಿನಲ್ಲಿ ಮನೆ ಅಂದರೆ ಗೋಡೆಯಲ್ಲ, ಸೂರಲ್ಲ. ಮನೆ ಅಂದರೆ ಒಲೆ. ಒಲೆ ಅಂದರೆ ಮೂರು ಕಲ್ಲು. ಮದುವೆಯಾದ ದಿನ ಗಂಡು ಹೆಣ್ಣು ಇಬ್ಬರೂ ಹೊಳೆಗೆ ಹೋಗಿ ಮೂರು ಗುಂಡುಕಲ್ಲು ಹೊತ್ತು ತಂದು ಹೂಡುತ್ತಿದ್ದರು. ಮುಂದೆ ಆ ಇಬ್ಬರೂ ಸತ್ತು ಮಕ್ಕಳು ಎಳೆಯರಾಗಿ ಉಳಿದುಬಿಟ್ಟರೆ, ಆ ಕಲ್ಲುಗಳನ್ನು ಊರು ಹಂಚಿಕೊಳ್ಳಬೇಕು. ಕಲ್ಲನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತವರು ಮುಂದೆ, ಆ ಕಲ್ಲಿನ ಹಿಂದೆ ಒಂದು ಮಗು. ಹೀಗೆ ಒಂದೊಂದು ಕಲ್ಲಿಗೆ ಒಂದೊಂದು ಮಗು, ಒಂದೊಂದು ಮನೆಗೆ. ಹಿರಿಯ ಮಗನಿಗೆ ಕಲ್ಲಿಲ್ಲ, ಬೂದಿ. ಅವನು "ಹೋಗಿ" ಅಂತ ಒಂದು ಮಾತು ಹೇಳಬೇಕು, ಬೂದಿ ಹಿಡಿದುಕೊಂಡು ಊರ ಚಾಕರಿಗೆ ನಿಲ್ಲಬೇಕು. ಇದಕ್ಕೆ ಊರಿನವರು ಇಟ್ಟ ಹೆಸರು ಏನು ಗೊತ್ತೇ? ಕರುಣೆ. "ಇವತ್ತು ಯಾರ ಮನೆಯಲ್ಲಿ ಕರುಣೆ?" ಅಂತ ಕೇಳಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಬುಟ್ಟಿ ತೊಳೆದುಕೊಂಡು ಹೋಗುತ್ತಿದ್ದರು. ಥೂ!

ಕಲ್ಲುಗಳು ಬೇರೆಯಾದ ಗಳಿಗೆಯಲ್ಲೇ ಮಕ್ಕಳಿಗೆ ಮರೆವು ಬರುತ್ತಿತ್ತು. ಒಡಹುಟ್ಟಿದವರು ಎದುರು ಸಿಕ್ಕರೂ ಗುರುತಿಲ್ಲ. ಬಾವಿಕಟ್ಟೆಯಲ್ಲಿ ಅಕ್ಕ ಕೊಡ ಬಗ್ಗಿಸುವಳು, ತಮ್ಮ ಬೊಗಸೆಯೊಡ್ಡಿ ಕುಡಿಯುವನು, ಬಾಯಿ ಒರೆಸಿಕೊಂಡು "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ" ಅಂದು ತನ್ನ ದಾರಿ ಹಿಡಿಯುವನು. ಇಬ್ಬರ ಮೂಗೂ ಒಂದೇ ಅಚ್ಚು. ನೋಡಿದವರಿಗೆ ಕಾಣುತ್ತಿತ್ತು, ಅವರಿಗೆ ಮಾತ್ರ ಕಾಣುತ್ತಿರಲಿಲ್ಲ.

ಅದನ್ನು ನೋಡಿದವರಲ್ಲಿ ಒಬ್ಬ ಹುಡುಗ. ಅಂಥ ಎಷ್ಟೋ ಜೋಡಿ ಮೂಗುಗಳನ್ನು ಅವನು ಬಾವಿಕಟ್ಟೆಯಲ್ಲಿ ಕಂಡಿದ್ದ. ಅವನಿಗೆ ಒಬ್ಬ ತಂಗಿ, ಒಬ್ಬ ತಮ್ಮ, ಆಗಷ್ಟೇ ಮಾತು ಕಲಿತಿದ್ದ ಒಂದು ಹೆಣ್ಣು ಕೂಸು. ಮನೆಯಲ್ಲಿ ಎಲ್ಲರಿಗೂ ಅವನು ಅಣ್ಣ, ಆದ್ದರಿಂದ ನಮಗೂ ಅಣ್ಣನೇ. ಮೀಸೆ ಇನ್ನೂ ಮೂಡುವುದೋ ಬೇಡವೋ ಅಂತ ಯೋಚಿಸುತ್ತಿದ್ದ ವಯಸ್ಸು. ಒಂದೇ ಜ್ವರದಲ್ಲಿ ಅಪ್ಪ ಹೋದ, ಅಪ್ಪನ ಬಾಯಿಗೆ ನೀರು ಬಿಟ್ಟ ಕೈಯಲ್ಲೇ ಅವ್ವ ಹೋದಳು.

ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ, ಹಾಲು ಕರೆಯುವ ಹೊತ್ತಿಗೆ, ಬೂದಿಗೈಯವನು ಬಂದ. ಅವನ ಕಸುಬೇ ಅದು. ತಾಯಿತಂದೆ ಇಲ್ಲದ ಮನೆಗೆ ದಿನಾ ಬೆಳಗ್ಗೆ ಬಂದು, ಒಲೆಯ ಮುಂದೆ ಮಂಡಿಯೂರಿ, ಬಲಗೈಯನ್ನು ಮಣಿಕಟ್ಟಿನ ತನಕ ಬೂದಿಗೆ ತೂರಿಸಿ, ಬಿಸಿಯೋ ತಣ್ಣಗೋ ಅಂತ ಕೂಗಿ ಹೇಳಬೇಕು. ತಣ್ಣಗಿದ್ದರೆ ಹಂಚಬಹುದು. ಬಿಸಿಯಿದ್ದರೆ ಕಲ್ಲು ಮುಟ್ಟುವಂತಿಲ್ಲ. ಸತ್ತವರು ಆ ಬೂದಿಯಲ್ಲಿ ಇನ್ನೂ ಉಸಿರಾಡುತ್ತಿದ್ದಾರೆ ಅಂತ ನಂಬಿಕೆ. ಮನೆಯ ಕಿರಿಯ ಮಗು ತನ್ನ ಕಲ್ಲನ್ನು ತಾನೇ ಎತ್ತುವಷ್ಟು ಬಲಿಯುವ ತನಕ ಒಲೆ ಆರದಿದ್ದರೆ, ಆ ಮನೆ ಆ ಮಕ್ಕಳದೇ. ಹಾಗೆ ಉಳಿಸಿಕೊಂಡವರು ಯಾರೂ ಇರಲಿಲ್ಲ. ಅಳುವ ಮನೆಯಲ್ಲಿ ಒಲೆ ಊದುವವರು ಯಾರು?

ಬೂದಿಗೈಯವನ ಹಿಂದೆ ದೊಡ್ಡಯ್ಯ. ಊರಿನ ಮಾತೆಲ್ಲ ಅವನ ಗಂಟಲಿನಿಂದಲೇ ಹೊರಡಬೇಕು. ಅವನ ಹಿಂದೆ ಬುಟ್ಟಿ ಹೊತ್ತ ಮೂರು ಮನೆಯವರು. ಗಾಣದ ಮನೆಯವನಿಗೆ ಎತ್ತಿನ ಹಿಂದೆ ಸುತ್ತಲು ಒಬ್ಬ ಹುಡುಗ ಬೇಕಿತ್ತು. ಕಣಜದ ಮನೆಯವನಿಗೆ ಕುಟ್ಟಿ ಕೇರಲು ಒಬ್ಬಳು ಹುಡುಗಿ ಬೇಕಿತ್ತು. ಮಗ್ಗದವ್ವನಿಗೆ ನೂಲಿನ ಸಿಕ್ಕು ಬಿಡಿಸಲು ಎಳೆ ಬೆರಳು ಬೇಕಿದ್ದವು. ಬಂದವಳೇ ಕೂಸಿನ ಕೈ ಹಿಡಿದು ಬೆರಳು ನೀವಿ ನೋಡಿದಳು, ಬೆಂಡೆಕಾಯಿ ಮುರಿದು ಎಳಸೋ ಬಲಿತದ್ದೋ ಅಂತ ನೋಡುವವರ ಹಾಗೆ.

ಬೂದಿಗೈಯವನು ಕೈ ತೂರಿಸಿದ. "ಬಿಸಿ!" ಅಂತ ಕೂಗಿದ.

ಅಣ್ಣ ಬೆಳಗಿನ ಜಾವವೇ ಎದ್ದು ಒಲೆ ಹೊತ್ತಿಸಿ, ಮೇಲೆ ಮಡಕೆಯಿಟ್ಟು ಗಂಜಿ ಕಾಯಿಸುತ್ತಿದ್ದ.

"ಇದೇನೋ ಮಗಾ," ಅಂದ ದೊಡ್ಡಯ್ಯ. "ಹೆತ್ತವರ ಮಣ್ಣು ಇನ್ನೂ ಹಸಿ, ನಿನಗೆ ಆಗಲೇ ಹಸಿವಾ?"

"ನನಗಲ್ಲ ದೊಡ್ಡಯ್ಯ. ಇವರಿಗೆ."

"ಇವರಿಗೆ ನಾವಿಲ್ವೇನೋ? ನೀನೇ ಇನ್ನೂ ಹಾಲುಗಲ್ಲದೋನು. ಮೂರು ಮಕ್ಕಳನ್ನ ಸಾಕ್ತೀಯಾ?"

"ಸಾಕ್ತೀನಿ."

"ಏನಿದೆ ನಿನ್ನ ಹತ್ರ?"

ಅಣ್ಣ ಸುತ್ತ ನೋಡಿದ. "ಬೆಂಕಿ ಇದೆ," ಅಂದ.

ಮೂರು ಮನೆಯವರೂ ಬುಟ್ಟಿ ಬಗಲಿಗೆ ಸಿಕ್ಕಿಸಿಕೊಂಡು ನಕ್ಕರು. ಎಷ್ಟು ದಿನ ಉರಿದೀತು, ಇವತ್ತಲ್ಲದಿದ್ದರೆ ನಾಳೆ. ಅಲ್ಲಿಂದ ಶುರುವಾಯಿತು. ದಿನಾ ಬೆಳಗ್ಗೆ ಬೂದಿಗೈಯವನು ಬಂದ. ಮಂಡಿಯೂರಿದ. ಕೈ ತೂರಿಸಿದ. ಬಿಸಿ ಅಂದ. ಮೂರು ಬುಟ್ಟಿಗಳು ಬಂದಂತೆಯೇ ಖಾಲಿ ಹೋದವು.

ಊರಿಗೆ ಸಿಟ್ಟು ಬಂತು. ಆದರೆ ಕರುಣೆಯ ಊರು ಸಿಟ್ಟು ಬಂದರೆ ಬೈಯುವುದಿಲ್ಲ. ಊಟ ತರುತ್ತದೆ. ಮಗ್ಗದವ್ವ ಹಬೆಯಾಡುವ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಒಗ್ಗರಣೆ ತೇಲಿಸಿಕೊಂಡು ಬಂದಳು. ಆ ಸಾರಿನ ವಾಸನೆಗೆ ಮೂರು ಬೀದಿಯ ನಾಯಿಗಳು ಜಗಳ ಮರೆತು ಒಂದೇ ಸಾಲಿನಲ್ಲಿ ಅವಳ ಹಿಂದೆ ಬಂದಿದ್ದವು.

"ಹೊಗೇಲಿ ಕಣ್ಣು ಯಾಕೆ ಕೆಡಿಸ್ಕೋತೀರಾ ಕಂದಾ? ಎರಡು ಹೊತ್ತೂ ನಾನೇ ತಂದು ಕೊಡ್ತೀನಿ. ಒಲೆ ಒಂದೆರಡು ದಿನ ಸುಮ್ಮನಿರಲಿ, ಪಾಪ."

ತಮ್ಮ ಎಂಜಲು ನುಂಗಿದ. "ಅಣ್ಣಾ, ಬಸ್ಸಾರು," ಅಂದ.

"ವಾಪಸ್ ತಗೊಂಡು ಹೋಗವ್ವ," ಅಂದ ಅಣ್ಣ.

"ಅಯ್ಯೋ, ಕೊಟ್ಟಿದ್ದನ್ನ ತಳ್ತೀಯಲ್ಲೋ! ಏನು ಸೊಕ್ಕೋ ನಿಂದು!"

"ಸೊಕ್ಕೇ ಅನ್ಕೋ."

ಊರೆಲ್ಲ ಅದೇ ಮಾತಾಯಿತು. ಹಸಿದ ಮಕ್ಕಳ ಬಾಯಿಂದ ತುತ್ತು ಕಿತ್ತ ಸೊಕ್ಕಿನವನು. ಬುಟ್ಟಿ ತಂದವರೆಲ್ಲ ತಾಯಂದಿರಾದರು, ಗಂಜಿ ಕಾಯಿಸಿದವನು ರಾಕ್ಷಸನಾದ. ಇಂಥ ಊರಿನಲ್ಲಿ ನ್ಯಾಯ ಕೇಳುವುದೂ ಒಂದೇ, ಜರಡಿಯಲ್ಲಿ ನೀರು ಹೊರುವುದೂ ಒಂದೇ.

ಊಟ ಸಾಗದಿದ್ದಾಗ ದೊಡ್ಡಯ್ಯ ಸೌದೆಗೆ ಕೈ ಹಾಕಿದ. ಗುಡ್ಡದ ಮರ ಊರಿನದು, ಹೊಲದ ಬದುವಿನ ಜಾಲಿ ಊರಿನದು, ಬೀದಿಯಲ್ಲಿ ಬಿದ್ದ ಸಗಣಿಯೂ ಊರಿನದು ಅಂತ ಡಂಗುರ ಹೊಡೆಸಿದ. ಅಣ್ಣ ಮನೆಯ ಒಳಗೆ ನೋಡಿದ. ಮೊದಲು ನೊಗ ಉರಿಯಿತು, ನೇಗಿಲು ಉರಿಯಿತು. ಅಪ್ಪನ ಮಂಚ ಉರಿಯಿತು. ಅದು ಹಳೇ ಬೀಟೆ ಮರದ್ದು, ಉರಿಯುವಾಗ ಅಪ್ಪ ಮಗ್ಗುಲು ಬದಲಿಸಿದ ಹಾಗೆಯೇ ಕಿರುಗುಟ್ಟಿತು. ಒನಕೆ ಉರಿಯಿತು. ಬಾಗಿಲು ಉರಿಯಿತು, ಬಾಗಿಲವಾಡ ಉರಿಯಿತು. ಮಾಡಿನ ಜಂತಿಗಳು ಒಂದೊಂದಾಗಿ ಇಳಿದು ಬಂದು ಒಲೆ ಹೊಕ್ಕವು. ಒಳಗೆ ಕೂತವರಿಗೆ ಆಕಾಶ ಕಾಣತೊಡಗಿತು. ಆಮೇಲೆ ಆಕಾಶ ಒಂದೇ ಕಂಡಿತು.

ಆ ಬೆಂಕಿ ಸಾಮಾನ್ಯದ್ದಲ್ಲ. ಕೊಟ್ಟಷ್ಟೂ ಅದರ ಹಸಿವು ಹೆಚ್ಚುತ್ತಿತ್ತು. ರಾಜನ ಪಟ್ಟದಾನೆಯಾದರೂ ತಿಂದು ತೇಗುತ್ತದೆ, ಇದು ತೇಗುತ್ತಲೇ ಇರಲಿಲ್ಲ. ಅಣ್ಣನ ಕಣ್ಣೂ ಹಾಗೇ ಆಯಿತು. ಯಾವುದನ್ನು ನೋಡಿದರೂ ಇದು ಎಷ್ಟು ಹೊತ್ತು ಉರಿದೀತು ಅಂತಲೇ ನೋಡುತ್ತಿದ್ದ.

ಒಂದು ದಿನ ಗಂಜಿ ಉಕ್ಕಿ ಸುರಿದು ಅರ್ಧ ಬೆಂಕಿ ಆರಿಹೋಯಿತು. ಉಳಿದರ್ಧವನ್ನು ಅಣ್ಣ ನೆಲಕ್ಕೆ ಎದೆಯಿಟ್ಟು ಊದಿ ಊದಿ ಬದುಕಿಸಿದ. ಎದ್ದವನ ಮುಖ ಕೆಂಡದ ಹಾಗಿತ್ತು. ಮಡಕೆಯನ್ನು ಇಳಿಸಿ ಮೂಲೆಗೆ ತಳ್ಳಿದ.

"ಇನ್ನು ಒಲೆ ಮೇಲೆ ಏನೂ ಇಡಬಾರದು."

"ಮತ್ತೆ ಗಂಜಿ?" ಅಂದಳು ತಂಗಿ.

"ಹಸಿ ಹಿಟ್ಟು ತಿನ್ನಿ. ಸಾಯಲ್ಲ."

ಆಮೇಲೆ ಒಂದರ ಹಿಂದೆ ಒಂದು ಕಟ್ಟಳೆ. ಒಲೆಯ ಹತ್ತಿರ ನೀರು ತರಬಾರದು. ಓಡಬಾರದು, ಗಾಳಿಯೇಳುತ್ತದೆ. ನಗಬಾರದು, ಉಸಿರು ಬಡಿಯುತ್ತದೆ. ಅಳಬಾರದು, ಕೆನ್ನೆ ಒದ್ದೆಯಾಗುತ್ತದೆ. ಅಣ್ಣ ಒಲೆಗೆ ಮುಖ ಮಾಡಿ ಕೂತ, ಮಕ್ಕಳಿಗೆ ಬೆನ್ನು ಮಾಡಿದ. ಒಂದು ಕಾಲದಲ್ಲಿ ಆ ಬೆನ್ನಿನ ಮೇಲೆ ಆ ಕೂಸು ಕುದುರೆಯಾಡುತ್ತಿತ್ತು. ಈಗ ಅದು ಗೋಡೆಯಾಯಿತು. ಇದ್ದ ಗೋಡೆಗಳಿಗೆಲ್ಲ ಸೂರಿರಲಿಲ್ಲ, ಈ ಗೋಡೆಗೆ ಕಿವಿಯಿರಲಿಲ್ಲ.

ಬೂದಿಗೈಯವನು ಮಾತ್ರ ತಪ್ಪದೆ ಬರುತ್ತಿದ್ದ. ಕಾದೂ ಕಾದೂ ಬೇಸತ್ತು ಬುಟ್ಟಿಯವರು ಬರುವುದನ್ನು ನಿಲ್ಲಿಸಿದ್ದರು. ಒಂದು ಬೆಳಗ್ಗೆ ಅವನು ಬಿಸಿ ಅಂತ ಕೂಗಿದವನು ಏಳದೆ ಅಲ್ಲೇ ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನ ಬಲಗೈ ಬೆಂದು ಬೆಂದು ಸುಟ್ಟ ಬದನೆಕಾಯಿಯಂತಾಗಿತ್ತು.

"ಉರಿಯಲ್ವಾ?" ಅಂದ ಅಣ್ಣ.

"ಏನೂ ಗೊತ್ತಾಗಲ್ಲ ತಮ್ಮಾ. ದೊಡ್ಡಯ್ಯನ ಮುಖ ನೋಡಿ ಕೂಗ್ತೀನಿ. ಅವನಿಲ್ಲದ ದಿನ ಹೊಗೆ ನೋಡಿ ಕೂಗ್ತೀನಿ."

"ಈ ಕೆಲಸಕ್ಕೆ ಯಾಕೆ ಬಂದೆ?"

"ಬರೋದೇನು ಬಂತು. ನಮ್ಮನೇಲಿ ನಾನೇ ಹಿರಿಯೋನಂತೆ. ಬೂದಿ ನನ್ನ ಪಾಲಿಗೆ ಬಂತು." ಬೂದಿಗೈಯವನು ಬೆಂಕಿಯನ್ನು ನೋಡಿದ. "ನನಗೂ ಇದ್ದರಂತೆ. ಎಷ್ಟು ಜನ, ಗಂಡೋ ಹೆಣ್ಣೋ, ನೆನಪಿಲ್ಲ. ಹೋಗಿ ಅಂತ ಹೇಳಿದ್ದು ಮಾತ್ರ ನೆನಪಿದೆ. ಒಂದೇ ಮಾತು, ನೋಡು. ನಾಲಿಗೆ ಮೇಲೆ ಇನ್ನೂ ಕೂತಿದೆ."

ಅವನು ಹೋದ ಮೇಲೆ ಅಣ್ಣನ ಹಟ ಇಮ್ಮಡಿಯಾಯಿತು. ಎದ್ದು ಮನೆಯೆಲ್ಲ ತಡಕಿದ. ಏನೂ ಇರಲಿಲ್ಲ. ತಂಗಿಯ ಜಡೆಯಲ್ಲಿ ಅವ್ವನ ಮರದ ಬಾಚಣಿಗೆಯಿತ್ತು, ಕಿತ್ತು ಒಲೆಗೆ ಹಾಕಿದ. ತಮ್ಮನ ಬುಗುರಿ ಕಿತ್ತುಕೊಂಡ. ಮೂಲೆಯಲ್ಲಿ ಕೂಸು ಮಲಗಿದ್ದ ಹಲಸಿನ ಮರದ ತೊಟ್ಟಿಲಿತ್ತು. ಮಲಗಿದ್ದ ಕೂಸನ್ನು ಎತ್ತಿ ನೆಲಕ್ಕೆ ಹಾಕಿ ತೊಟ್ಟಿಲಿಗೆ ಕೊಡಲಿ ಎತ್ತಿದ. ಮೆಲ್ಲಗೆ ಇಳಿಸಲಿಲ್ಲ. ಹಾಕಿದ.

ಕೂಸು ಎದ್ದು ಕೂತು, ಅಳಬಾರದು ಅನ್ನುವ ಕಟ್ಟಳೆ ಅದಕ್ಕೂ ಗೊತ್ತಿದ್ದರಿಂದ ತುಟಿ ಕಚ್ಚಿಕೊಂಡು, ಕೊಡಲಿ ಹಿಡಿದವನನ್ನು ಮೇಲಿಂದ ಕೆಳಗೆ ನೋಡಿತು. ತಂಗಿಯ ಸೆರಗು ಜಗ್ಗಿತು.

"ಅಕ್ಕಾ, ಅವನು ಯಾರು?"

ಅಣ್ಣನ ಕೊಡಲಿ ಅಲ್ಲೇ ನಿಂತಿತು. "ತಮಾಷೆ ಮಾಡ್ಬೇಡ," ಅಂದ.

ಕೂಸು ತಂಗಿಯ ಹಿಂದೆ ಅವಿತುಕೊಂಡಿತು. ಬಾವಿಕಟ್ಟೆಯಲ್ಲಿ ನೀರು ಕುಡಿದು ಹೋಗುವವರ ಕಣ್ಣು ಇರುತ್ತಿತ್ತಲ್ಲ, ಅದೇ ಕಣ್ಣು. ಕಲ್ಲು ಮೂರೂ ಒಟ್ಟಿಗೇ ಇದ್ದವು. ಒಂದೂ ಒಂದು ಗೇಣು ಅಲುಗಿರಲಿಲ್ಲ. ಮರೆವು ಮಾತ್ರ ಬಂದುಬಿಟ್ಟಿತ್ತು.

"ಲೋ, ನೀನು ಹೇಳೋ," ಅಂತ ಅಣ್ಣ ತಮ್ಮನ ಕಡೆ ತಿರುಗಿದ.

ತಮ್ಮ ನೆಲ ನೋಡಿದ. "ಗೊತ್ತು," ಅಂದ. "ಒಂದೊಂದು ಸಲ ಗೊತ್ತಾಗಲ್ಲ."

ಅಣ್ಣ ಕಿರುಚಿದ. ಆ ಕಿರುಚಾಟಕ್ಕೆ ಹೊಗೆಯ ಮೇಲೆ ನಡೆಯುತ್ತಿದ್ದ ಕಾಗೆಗಳು ಕಾಲು ಜಾರಿ ಬಿದ್ದವಂತೆ. "ಯಾರಿಗೋಸ್ಕರ ಇದೆಲ್ಲ ಸುಟ್ಟೆ ನಾನು? ಯಾರಿಗೋಸ್ಕರ ಕಣ್ಣು ಮುಚ್ಚದೆ ಕೂತೆ? ಹೇಳ್ರೇ!"

ಇಷ್ಟು ದಿನ ಎದುರಾಡದ ತಂಗಿ ಎದ್ದು ನಿಂತಳು. ಅವಳ ಕೂದಲು ಬಿಚ್ಚಿ ಬೆನ್ನ ತುಂಬ ಹರಡಿತ್ತು.

"ನನ್ನ ಮೇಲೆ ಕೂಗ್ಬೇಡ. ನಾನೂ ಕೂಗ್ತೀನಿ. ಒಲೆ ಮೇಲೆ ಮಡಕೆ ಎಲ್ಲಣ್ಣಾ? ಮಡಕೆ ಇಲ್ಲದ್ದು ಒಲೆನಾ? ಬೇಯಿಸೋದಿಲ್ಲ, ತಿನ್ನೋದಿಲ್ಲ, ಸುಮ್ಮನೆ ಉರೀತದೆ ಅಂದ್ರೆ ಅದು ಸುಡುಗಾಡಿನ ಬೆಂಕಿ. ನೀನು ಸಾಕ್ತಿರೋದು ಇದನ್ನ. ನಮ್ಮನ್ನಲ್ಲ. ಈ ಕೂಸು ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಬೆನ್ನಿಗೆ ಯಾರಾದ್ರೂ ಅಣ್ಣ ಅಂತಾರಾ?"

ಅಣ್ಣನ ಮೈಯಲ್ಲಿ ಇದ್ದಬದ್ದ ಸಿಟ್ಟೆಲ್ಲ ಎಲ್ಲಿಗೆ ಹೋಗುವುದು ಅಂತ ತಿಳಿಯದೆ ಅವನನ್ನೇ ಸುತ್ತಿತು. ಊರಿನ ಮೇಲೆ ಹೋಯಿತು, ದೊಡ್ಡಯ್ಯನ ಮೇಲೆ ಹೋಯಿತು, ತಿರುಗಿ ಬಂದು ಅವನ ಕೊರಳಿಗೇ ಬಿತ್ತು. ಆಮೇಲೆ ಕೊಡಲಿ ಎಸೆದ. ಹೊರಗೆ ಹೋಗಿ ತುಂಬಿದ ಹಂಡೆಯನ್ನು ಒಬ್ಬನೇ ಎತ್ತಿಕೊಂಡು ಬಂದ. ಇಬ್ಬರು ಗಟ್ಟಿ ಆಳು ಹಿಡಿದರೂ ಏಳದ ಹಂಡೆ ಅದು.

"ಅಣ್ಣಾ ಬೇಡ, ಬುಟ್ಟಿಯವರು ಬರ್ತಾರೆ," ಅಂದ ತಮ್ಮ.

"ಬರಲಿ ನನ್ ಮಕ್ಳು," ಅಂದ ಅಣ್ಣ. ಒಲೆಗೆ ಸುರಿದ.

ಹಬೆ ಎದ್ದಿತು. ಅಷ್ಟು ಕಾಲ ಕಾದಿದ್ದ ಕಲ್ಲುಗಳು ತಣ್ಣೀರು ತಾಕಿದ್ದೇ ಸಿಡಿಲು ಹೊಡೆದ ಹಾಗೆ ಒಡೆದವು. ಒಂದು, ಇನ್ನೊಂದು, ಮತ್ತೊಂದು. ಸದ್ದು ಊರಿನ ನಾಲ್ಕೂ ಮೂಲೆಗೆ ಕೇಳಿತು. ಉಳಿದ ನೀರಿನಲ್ಲಿ ಅಣ್ಣ ಮಸಿ ಹಿಡಿದ ತನ್ನ ಕೈಯುಜ್ಜಿ ತೊಳೆದ. ಮೂಲೆಯ ಮಡಕೆಯಲ್ಲಿ ಕೊನೆಗೆ ಉಳಿದಿದ್ದ ಹೆಸರುಕಾಳು ನೆನೆಹಾಕಿ, ಒಲೆಯಿದ್ದ ಜಾಗಕ್ಕೆ ಬೆನ್ನು ತಿರುಗಿಸಿ, ಮಕ್ಕಳ ಎದುರು ಕೂತ. ಸುಮ್ಮನೆ ಮುಖ ತೋರಿಸಿಕೊಂಡು ಕೂತ.

ಬೆಳಗಾಯಿತು. ಹೊಗೆ ಕಾಣದ್ದರಿಂದ ಇಡೀ ಊರೇ ಬಂತು. ಬೂದಿಗೈಯವನು ಮಂಡಿಯೂರಿ, ಕೈ ತೂರಿಸಿ, ದೊಡ್ಡಯ್ಯನ ಮುಖ ನೋಡಿದ. ದೊಡ್ಡಯ್ಯನ ಮುಖ ಅರಳಿತ್ತು. "ತಣ್ಣಗಿದೆ," ಅಂದ ಬೂದಿಗೈಯವನು. ಯಾಕೋ ಅವತ್ತು ಕೂಗಲಿಲ್ಲ.

ಬುಟ್ಟಿಯವರು ಮುನ್ನುಗ್ಗಿದರು. ನೋಡಿದರೆ ಕಲ್ಲೆಲ್ಲಿ? ಚೂರು ಚೂರು.

"ಚೂರಾದರೂ ಕಲ್ಲು ಕಲ್ಲೇ," ಅಂದ ದೊಡ್ಡಯ್ಯ. "ಆರಿಸ್ಕೊಳ್ಳಿ."

ಆಮೇಲೆ ನೋಡಬೇಕಿತ್ತು ಆ ಚಂದ! ಊರಿನ ಗಣ್ಯರು ಮೂವರೂ ಬೂದಿಯಲ್ಲಿ ಮಂಡಿಯೂರಿ, ಕೋಳಿ ಕೆದರಿದ ಹಾಗೆ ಕೆದರಿದರು.

"ಇದು ನನ್ನ ಕಲ್ಲಿನ ಚೂರು, ಬಿಡಮ್ಮಾ!"

"ಅಯ್ಯೋ, ನಿನ್ನದು ಕರೀದು ಕಣಪ್ಪ, ಇದು ಕೆಂಪು!"

"ಹೇ, ಮುಟ್ಟಬೇಡ, ಹುಡುಗಿ ಕಲ್ಲು ನಂದು!"

ಮೂಗಿಗೆ ಬೂದಿ, ಮೀಸೆಗೆ ಬೂದಿ, ಸೆರಗಿಗೆ ಬೂದಿ. ಅವರು ಕಚ್ಚಾಡುತ್ತಿದ್ದಷ್ಟು ಹೊತ್ತೂ ಮಕ್ಕಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಬುಟ್ಟಿ ತುಂಬಿಕೊಂಡು, ತಲೆಯ ಮೇಲಿಟ್ಟುಕೊಂಡು, ಮೆರವಣಿಗೆ ಹೊರಟರು. ಮುಂದೆ ದೊಡ್ಡಯ್ಯ, ಹಿಂದೆ ಮೂರು ಬುಟ್ಟಿ, ಅದರ ಹಿಂದೆ ಊರು. ಬೀದಿಯ ತುದಿ ಮುಟ್ಟಿ ಹಿಂತಿರುಗಿ ನೋಡಿದರೆ ಮಕ್ಕಳಿಲ್ಲ.

ಹೀಗೆ ಯಾವತ್ತೂ ಆಗಿರಲಿಲ್ಲ. ಕಲ್ಲು ಮುಂದೆ ಹೋದರೆ ಮಗು ಹಿಂದೆ ಬರುತ್ತಿತ್ತು. ಹಗ್ಗ ಹಾಕಿದವರಿಲ್ಲ, ಕೋಲು ಎತ್ತಿದವರಿಲ್ಲ. ಅಷ್ಟಕ್ಕೇ ಅಲ್ಲವೇ ಅದಕ್ಕೆ ಕರುಣೆ ಅಂತ ಹೆಸರು.

ಊರು ತಿರುಗಿ ಬಂತು. ಮಕ್ಕಳು ಕೂತಲ್ಲೇ ಕೂತಿದ್ದರು. ಕಲ್ಲು ಬೇರೆಯಾದರೂ ಅವರಿಗೆ ಹೊಸದಾಗಿ ಮರೆವು ಹತ್ತಿರಲಿಲ್ಲ.

"ಏನೋ, ಹೋಗಿ ಅಂತ ಹೇಳಲಿಲ್ವಾ?" ಅಂದ ದೊಡ್ಡಯ್ಯ.

"ಇಲ್ಲ."

"ಹೇಳು."

"ಹೇಳಲ್ಲ."

ಊರಿಗೆ ಊರೇ ಬಾಯಿ ಕಳೆಯಿತು. ಹೇಳಲ್ಲ ಅಂತ ಹೇಳಬಹುದು ಅನ್ನುವುದೇ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಣ್ಣನಿಗೂ ಆ ಗಳಿಗೆಯ ತನಕ ಹೊಳೆದಿರಲಿಲ್ಲ. ಹೊಳೆದದ್ದೇ, ಅವನ ಕಣ್ಣಿಗೆ ಉರಿದುಹೋದ ಬಾಗಿಲು ಬಂತು, ಮಂಚ ಬಂತು, ಮಾಡು ಬಂತು, ಬಾಚಣಿಗೆ ಬಂತು. ಇಷ್ಟೇನಾ? ಇಷ್ಟಕ್ಕೇನಾ ನಾನು ಮನೆಯೆಲ್ಲ ಸುಟ್ಟಿದ್ದು? ಅವನು ಎದ್ದ.

"ಒಂದು ಮಾತಲ್ಲಿ ಮುಗಿಯೋದಕ್ಕೆ ನಮ್ಮನ್ನ ಇಲ್ಲಿ ತನಕ ಸುಡಿಸಿದ್ರಲ್ಲೋ! ಹಂಚ್ತಿದ್ದೋರು ನೀವಲ್ಲ. ನಮ್ಮ ಬಾಯಲ್ಲಿ ಹೋಗಿ ಅನ್ನಿಸಿ, ನಮ್ಮ ಕೈಯಲ್ಲೇ ನಮ್ಮೋರನ್ನ ಹಂಚಿಸ್ತಿದ್ರಿ. ಕೈ ತೊಳ್ಕೊಂಡು ಕರುಣೆ ಅಂತಿದ್ರಿ. ಕಲ್ಲು ಬೇಕಿತ್ತಲ್ಲ? ತಗೊಂಡ್ರಲ್ಲ? ಹೊತ್ಕೊಂಡು ನಡೀರಿ. ಬೂದಿನೂ ತಗೊಳ್ಳಿ, ಮುಖಕ್ಕೆ ಬಳ್ಕೊಳ್ಳಿ."

ಬೂದಿಗೈಯವನು ತನ್ನ ಬಲಗೈ ನೋಡಿಕೊಂಡ.

ದೊಡ್ಡಯ್ಯ ಹಳೇ ಹುಲಿ. ಸೋಲುವವನಲ್ಲ. ನಗುನಗುತ್ತಾ ಕೂಸಿನ ಮುಂದೆ ಬಗ್ಗಿದ. "ಪುಟ್ಟೀ, ಅಷ್ಟೊಂದು ಕಿರುಚ್ತಾನಲ್ಲ, ಅವನು ನಿನಗೆ ಏನಾಗಬೇಕು?"

ಕೂಸು ಅಣ್ಣನನ್ನು ನೋಡಿತು. ಸುಳ್ಳು ಹೇಳುವ ವಯಸ್ಸಲ್ಲ ಅದರದು. "ಗೊತ್ತಿಲ್ಲ," ಅಂದಿತು.

ಊರು ಹೋ ಅಂತ ಕೂಗಿತು. "ಕೇಳಿದ್ರೇನ್ರಪ್ಪಾ! ಗುರುತೇ ಇಲ್ಲ! ಗುರುತಿಲ್ಲದ ಮಗು ಯಾರದೂ ಅಲ್ಲ, ಊರಿನದು!"

"ಗುರುತಿಲ್ಲ, ನಿಜ," ಅಂದ ಅಣ್ಣ. ಅವನ ದನಿ ಒಮ್ಮೆಲೇ ಇಳಿದಿತ್ತು, ಆದರೆ ಕೊನೆಯ ಸಾಲಿನಲ್ಲಿದ್ದ ಕಿವುಡಜ್ಜಿಗೂ ಕೇಳಿಸಿತು. "ಅದು ನಿಮ್ಮಿಂದ ಆಗಿದ್ದಲ್ಲ. ನಾನು ಕಳೆದದ್ದು. ಕಳೆದೋನು ಹುಡುಕ್ಕೋತಾನೆ. ಇವತ್ತಿಂದ ಹೊಸದಾಗಿ ಗುರುತು ಮಾಡಿಸ್ತೀನಿ. ಅದಕ್ಕೆ ವರ್ಷ ಹಿಡಿಯುತ್ತೋ, ನನ್ನ ಜೀವ ಪೂರ್ತಿ ಹಿಡಿಯುತ್ತೋ, ನಿಮಗೇನು?"

ಮಗ್ಗದವ್ವನಿಗೆ ತಾಳ್ಮೆ ಸತ್ತಿತ್ತು. ಮಗ್ಗದಲ್ಲಿ ನೂಲು ಸಿಕ್ಕುಗಟ್ಟಿ ಕೂತಿತ್ತು. ಬುಟ್ಟಿ ಕೆಳಗಿಟ್ಟು ಬಂದವಳೇ ಕೂಸಿನ ಮಣಿಕಟ್ಟು ಹಿಡಿದು ಎಳೆದಳು. ಕೂಸು ಚಿಟ್ಟನೆ ಚೀರಿತು. ತಂಗಿ ಹಾರಿ ಬಂದು ಆ ಕೈಗೆ ಹಲ್ಲು ಊರಿದಳು, ತಮ್ಮ ಸೀರೆಯ ನೆರಿಗೆ ಹಿಡಿದು ಜೋತುಬಿದ್ದ, ಅಣ್ಣ ಎರಡೂ ತೋಳು ಚಾಚಿ ಮೂವರನ್ನೂ ಸೇರಿಸಿ ತಬ್ಬಿಕೊಂಡು ನೆಲಕ್ಕೆ ಬೇರು ಬಿಟ್ಟವನಂತೆ ಕೂತ. ಒಂದು ಎಳೆ ಕೈ, ಅದನ್ನು ಹಿಡಿದ ಒಂದು ಬಲಿತ ಕೈ, ನಡುವೆ ರಕ್ತ. ಊರು ಅದನ್ನು ನೋಡಿತು. ಅಂಥದ್ದನ್ನು ಊರು ಯಾವತ್ತೂ ಕಣ್ಣಾರೆ ನೋಡಿರಲಿಲ್ಲ. ಅಲ್ಲಿಯ ತನಕ ಕರುಣೆಗೆ ಕೈಯಿರಲಿಲ್ಲ. ಯಾರೋ ಹಿಂದಿನಿಂದ "ಬಿಡವ್ವಾ, ಸಾಕು, ನೋಡೋಕಾಗಲ್ಲ" ಅಂದರು. ಮಗ್ಗದವ್ವ ಸುತ್ತ ನೋಡಿದಳು. ತಾಯಿ ಅಂತ ಕರೆಸಿಕೊಂಡವಳಿಗೆ ಕಳ್ಳಿಯ ಹಾಗೆ ಕಾಣುವುದು ಕಷ್ಟ. ಬಿಟ್ಟಳು.

ಊರು ತಿದ್ದಿಕೊಂಡಿತು ಅಂತ ಹೇಳಿ ನಿಮ್ಮನ್ನು ಖುಷಿಪಡಿಸುವುದು ಸುಲಭ. ಊರು ತಿದ್ದಿಕೊಳ್ಳಲಿಲ್ಲ. ಕಲ್ಲಿನ ಚೂರುಗಳನ್ನು ಹೊತ್ತುಕೊಂಡು, "ಇವರಿಗೆ ಇನ್ನು ಊರಿನ ಬಾವಿಯಿಲ್ಲ, ಬೆಂಕಿಯಿಲ್ಲ, ಹಬ್ಬವಿಲ್ಲ" ಅಂತ ಬಹಿಷ್ಕಾರ ಹಾಕಿ, ಗೊಣಗುತ್ತಾ ಹೋಯಿತು. ಹೋಗಲಿ. ಕಾಲಿದ್ದವರು ಹೊಳೆಯಿಂದ ನೀರು ತಂದಾರು.

ಸೂರಿಲ್ಲದ, ಬಾಗಿಲಿಲ್ಲದ, ಒಲೆಯಿಲ್ಲದ ಆ ಜಾಗದಲ್ಲಿ ನಾಲ್ವರೂ ಉಳಿದರು. ಬಿಸಿಲು ಏರಿತ್ತು. ಹೆಸರುಕಾಳು ನೆನೆದು ಉಬ್ಬಿ ಬಾಯಿಬಿಟ್ಟಿತ್ತು. ಅಣ್ಣ ಮಡಕೆಯನ್ನು ನಡುವೆ ಎಳೆದು, ಒಬ್ಬೊಬ್ಬರ ಬೊಗಸೆಗೂ ಹಾಕಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಾಕಿದ ರಭಸಕ್ಕೆ ನಾಲ್ಕು ಕಾಳು ಮಣ್ಣಿಗೆ ಬಿದ್ದವು, ಅವನ್ನೂ ಆರಿಸಿ ತನ್ನ ಬಾಯಿಗೆ ಹಾಕಿಕೊಂಡ.

ಕೂಸು ಅವನಿಂದ ಒಂದು ಮಾರು ದೂರ ಕೂತು, ಕಾಳು ಅಗಿಯುತ್ತಾ, ಅವನ ಮುಖವನ್ನೇ ನೋಡುತ್ತಿತ್ತು.

"ನಾಳೇನೂ ಕೊಡ್ತೀಯಾ?" ಅಂತ ಕೇಳಿತು.

"ಕೊಡ್ತೀನಿ. ಬಾಯಲ್ಲಿ ಇಟ್ಕೊಂಡು ಮಾತಾಡಬೇಡ, ನೆತ್ತಿಗೆ ಹತ್ತುತ್ತೆ. ಬಾಯಿ ಮುಚ್ಕೊಂಡು ತಿನ್ನು," ಅಂತ ಅಣ್ಣ ಗದರಿದ.

ಕೂಸಿನ ತುಟಿ ಉಬ್ಬಿತು. "ಅಕ್ಕಾ, ಇವನು ನನ್ನ ಬೈತಾನೆ."

ತಂಗಿ ಬಿಚ್ಚಿದ ಕೂದಲನ್ನು ಹಿಂದಕ್ಕೆ ಗಂಟು ಹಾಕಿಕೊಂಡು, ತಲೆಯೆತ್ತದೆ ಅಂದಳು:

"ಬೈಯೋಕೆ ನಮಗಿನ್ಯಾರಿದಾರೆ? ಬೈಸ್ಕೊಂಡು ತಿನ್ನು."